ನಡುರಾತ್ರಿ ಪಟ್ಟಾಭಿಷೇಕ

(ಪಣಜಿ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿ. ಗದಗಿನ ಬಸಪ್ಪಕಾಕಾ, ಬಾದಾಮಿಯ ಮಲ್ಲೇಶಿ. ಇಬ್ಬರೂ ಗಾರೆ ಕೆಲಸದವರು.)

ಮಲ್ಲೇಶಿ: ಕಾಕಾ, ಅಮೆರಿಕಾದಾಗ ಅಧ್ಯಕ್ಷ ಚುನಾವಣಿ ಗೆದ್ದವ್ರು ಕುರ್ಚಿ ಏರಾಕ ಎರಡೂವರಿ ತಿಂಗಳು ಬೇಕಂತ. ತಯಾರಿಗೆ ಸರಕಾರದ್ದ ರೊಕ್ಕ, ಸರಕಾರದ್ದ ಆಫೀಸು. 1963ರ ಕಾಯ್ದೆ.

ಕಾಕಾ: ಪುಕ್ಕಟೆ ಏನಲೇ?

ಮಲ್ಲೇಶಿ: ಎಲ್ಲಿ ಪುಕ್ಕಟೆ! ರೊಕ್ಕ ಮುಟ್ಟಿದ್ರ ಮಂದಿ ಕಡೆ ತಲಿಗೆ 5,000 ಡಾಲರಿಗಿಂತ ಹೆಚ್ಚಿನ ದೇಣಿಗಿ ತಗೋಬಾರ್ದು, ಕೊಟ್ಟವರ ಹೆಸರು ಬಿಚ್ಚಿ ಹೇಳಬೇಕು. 2024ರಾಗ ಟ್ರಂಪ್ ತಂಡ ಆ ರೊಕ್ಕಾನ ಬ್ಯಾಡ ಅಂತು.

ಕಾಕಾ: ಶಾಣ್ಯಾರು! ರೊಕ್ಕ ಬ್ಯಾಡಂದ್ರ ಲೆಕ್ಕಾನೂ ಬ್ಯಾಡ.

ಮಲ್ಲೇಶಿ: ನಮ್ಮ ಗೋವಾದಾಗ?

ಕಾಕಾ: ಇಲ್ಲಿ ಅಷ್ಟು ಪುರಸೊತ್ತು ಯಾರಿಗೈತಿ? 2019ರ ಮಾರ್ಚ್ 17ಕ್ಕ ಮುಖ್ಯಮಂತ್ರಿ ಪರ್ರೀಕರ್ ತೀರಿಕೊಂಡ್ರು. 18ಕ್ಕ ಅಂತ್ಯಕ್ರಿಯೆ. ಅವತ್ತ ರಾತ್ರಿ ಎರಡರ ಸುಮಾರಿಗೆ ರಾಜಭವನದಾಗ ಹೊಸ ಮುಖ್ಯಮಂತ್ರಿ ಸಾವಂತ್ ಪ್ರಮಾಣವಚನ.

ಮಲ್ಲೇಶಿ: ಹಂಗಾರ ಹಸ್ತಾಂತರಕ್ಕ ಪೈಸಾ ಖರ್ಚಿಲ್ಲ!

ಕಾಕಾ: ಖರ್ಚು ಹಿಂದಿನಿಂದ ಬರ್ತೈತಿ. 40 ಮಂದಿ ಸಭಾಕ್ಕ ಇಬ್ಬರು ಉಪಮುಖ್ಯಮಂತ್ರಿ! ಒಬ್ಬರನ್ನ ಅದ ತಿಂಗಳ ಮನೀಗೆ ಕಳಿಸಿದ್ರು.

ಮಲ್ಲೇಶಿ: ಮತ್ತ ಮಂತ್ರಿಗಳ ಜೊತಿ ಬರೋ ಆಪ್ತ ಸಿಬ್ಬಂದಿಗೆ ನೀತಿ-ನಿಯಮ?

ಕಾಕಾ: ಮಂತ್ರಿ ಇರೋತನಕ ಅವರ ನೌಕರಿ. ಸಾಹೇಬ್ರು ನಾಳೆ ಯಾವ ಪಕ್ಷದಾಗ ಇರ್ತಾರೋ ಗೊತ್ತಿಲ್ಲ. ನೀತಿ ಓದೂದು ಯಾವಾಗ?

ಮಲ್ಲೇಶಿ: ನಮ್ಮ ಕೆಲಸಾನ ಚಲೋ ಬಿಡು.

ಕಾಕಾ: ಹೂಂ. ಮೇಸ್ತ್ರಿ ಬದಲಾದ್ರ ಸಲಿಕಿ, ಬುಟ್ಟಿ ಎಣಿಸಿ ಸಹಿ ಹಾಕಿಸ್ಕೋತಾರ. ಸರಕಾರ ಬದಲಾದ್ರ ಎಣಿಸೂದು ತಲಿ ಅಷ್ಟ.