ಐಷಾರಾಮಿ ಆಫ್‌ರೋಡ್ ವಾಹನಗಳ ಮೌಲ್ಯಮೀಮಾಂಸೆ: ಸಂಧಿಪ್ರಕರಣ

1. ಪೀಠಿಕೆ

ಆಧುನಿಕೋತ್ತರ ಸಂದರ್ಭದಲ್ಲಿ, ನಾಲ್ಕೂ ಚಕ್ರಗಳಿಗೆ ಬಲವುಳ್ಳ, ಕೋಟಿಯ ಆಚೀಚೆ ಬೆಲೆಯುಳ್ಳ ವಾಹನದ ಮರುಮಾರಾಟ ಮೌಲ್ಯವನ್ನೂ ವಿಶ್ವಾಸಾರ್ಹತೆಯನ್ನೂ ತಾತ್ತ್ವಿಕ ನೆಲೆಗಟ್ಟಿನಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಪ್ರಬಂಧವು ಏಳು ಅಧ್ಯಾಯಗಳಲ್ಲಿ ಹರಡಿಕೊಂಡಿದೆ. ವ್ಯಾಪ್ತಿ: ಮೂಡಿಗೆರೆಯ ತೋಟದಿಂದ ಬೆಂಗಳೂರಿನ ಸರ್ವಿಸ್ ಸೆಂಟರ್‌ವರೆಗೆ. ಮಿತಿ: ಪ್ರಬಂಧಕಾರನ ಬ್ಯಾಂಕ್ ಖಾತೆ. ಆಕರ: ಕಾಫಿಗೆ ಒಳ್ಳೇ ರೇಟು ಬಂದ ವರ್ಷ ಹೆಂಡತಿಯ ಮಾತು ಮೀರಿ ಕೊಂಡ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ. ವೈಧಾನಿಕತೆ: ಕ್ಷೇತ್ರಕಾರ್ಯ, ಅರ್ಥಾತ್ ಟೋಯಿಂಗ್ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಹಿಂದಿರುಗಿ ನೋಡುತ್ತಾ ಬರುವುದು.

2. ಪೂರ್ವಸೂರಿಗಳು

ಈ ಕುಲದ ಹಿರಿಯರು ಕೆಸರಿನಲ್ಲಿ ಹುಟ್ಟಿದವರು. ಯುದ್ಧಕಾಲದ ವಿಲ್ಲಿಸ್ ಜೀಪನ್ನು ನೋಡಿ ಬ್ರಿಟನ್ನಿನ ರೋವರ್ ಕಂಪನಿ ರೂಪಿಸಿದ ಲ್ಯಾಂಡ್ ರೋವರ್ 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಉಕ್ಕಿಗೆ ಬರ ಇದ್ದ ಕಾಲ, ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ಎಂಜಿನ್ನಿನ ಬಲದಿಂದಲೇ ಹೊಲದ ಯಂತ್ರ ತಿರುಗಿಸುವ ಏರ್ಪಾಡೂ ಇತ್ತು. ರೈತನಿಗೆಂದೇ ಮಾಡಿದ ಗಾಡಿ ಅದು. 1970ರ ಮೊದಲ ರೇಂಜ್ ರೋವರಿನ ಒಳಗನ್ನು ಪೈಪು ಹಿಡಿದು ತೊಳೆಯಬಹುದಿತ್ತು. ಈ ವರ್ಗದ ಈಗಿನ ಸಂತಾನಕ್ಕೆ ಕೆನೆಬಣ್ಣದ ಚರ್ಮದ ಸೀಟು. ನನ್ನ ಗಾಡಿ ಹತ್ತುವ ಮೊದಲು ತೋಟದ ಆಳುಗಳು ಗುಡಿಯ ಮುಂದೆ ಬಿಟ್ಟಂತೆ ಚಪ್ಪಲಿ ಬಿಡುತ್ತಾರೆ. ಅದು ಯಾವ ವಂಶದ್ದು ಎಂಬುದು ಇಲ್ಲಿ ಅಪ್ರಸ್ತುತ.

3. ಸಂಧಿಪ್ರಕರಣ

3.1 ಲೋಪಸಂಧಿ. 'ಊರು' ಮತ್ತು 'ಅಲ್ಲಿ' ಕೂಡಿ 'ಊರಲ್ಲಿ' ಆದಾಗ ಒಂದು ಉಕಾರ ಹೋಗುತ್ತದೆ, ಅರ್ಥ ಉಳಿಯುತ್ತದೆ. ಇಲ್ಲಿ ಹೋಗುವುದು ಅರ್ಥವೇ. ಧರ್ಮದ ನಂತರ, ಕಾಮದ ಮೊದಲು ಬರುವ ಅರ್ಥ. ವಿಮೆಯವರ ಸವಕಳಿ ಪಟ್ಟಿ ಈ ಸಂಧಿಯ ಸೂತ್ರಗ್ರಂಥ: ಆರು ತಿಂಗಳೊಳಗೆ ನೂರಕ್ಕೆ 5 ಕಳೆ, ಒಂದು ವರ್ಷಕ್ಕೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಸಣ್ಣ ಕಾರಿಗೂ ಇದೇ ಸೂತ್ರ, ಕೋಟಿಯದಕ್ಕೂ ಇದೇ. ಆದರೆ ಕೋಟಿಯದರ ಅರ್ಧ ಎಂದರೆ ಐವತ್ತು ಲಕ್ಷ. ಸಾಲದ್ದಕ್ಕೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ನೂರಕ್ಕೆ 18ರಂತೆ ಲೈಫ್ ಟ್ಯಾಕ್ಸ್, ಅದರ ಮೇಲೆ ಸೆಸ್. ಮಾರುವ ದಿನ ಆ ದುಡ್ಡಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

3.2 ಆಗಮಸಂಧಿ. 'ಮನೆ' ಮತ್ತು 'ಅನ್ನು' ಕೂಡಿದಾಗ ಇಲ್ಲದ ಯಕಾರ ಬಂದು ನಡುವೆ ಕೂರುತ್ತದೆ. ಇಲ್ಲಿ ಬಂದು ಕೂರುವುದು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮಾತ್ರ ಓಡಿಸಿದರೆ ಹೊಗೆನಳಿಕೆಯ ಫಿಲ್ಟರಿನಲ್ಲಿ ಮಸಿ ಕಟ್ಟಿ ಆ ದೀಪ ಹತ್ತುತ್ತದೆ. ಮಸಿಯನ್ನು ಸುಡಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಒಂದೇ ಸಮ ಓಡಬೇಕು. "ಹೈವೇಲಿ ಒಂದು ರೌಂಡ್ ಹೊಡ್ಕೊಂಡು ಬನ್ನಿ ಸಾರ್" ಎಂದರು ಸರ್ವಿಸ್ ಸೆಂಟರಿನವರು, ಫೋನಿನಲ್ಲಿ. ಅಡ್ಡದಾರಿಗೆಂದು ಅವತರಿಸಿದ ಗಾಡಿ ಗಂಟಲು ಸರಿಮಾಡಿಕೊಳ್ಳಲು ಹೆದ್ದಾರಿ ಹುಡುಕಿಕೊಂಡು ಹೋಗುತ್ತದೆ.

3.3 ಆದೇಶಸಂಧಿ. ಶಾಲೆಯ ಉದಾಹರಣೆ ಎಲ್ಲರಿಗೂ ಗೊತ್ತು: ಮಳೆ, ಕಾಲ, ಮಳೆಗಾಲ. ನನಗೂ ಮಳೆಗಾಲದಲ್ಲೇ ಆಯಿತು. ಒಂದು ಬೆಳಿಗ್ಗೆ ಶೆಡ್ಡಿಗೆ ಹೋದರೆ ಗಾಡಿ ಮುಂಗಾಲು ಮಡಚಿ ಬಸವಣ್ಣನ ಹಾಗೆ ಕೂತಿದೆ. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಂತ ಗಾಡಿ ಅದು. ಚೀಲ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ತಾನೂ ಸಾಯುತ್ತದೆ. ನಾನು ಕೇಳಿದ್ದು ಒಂದು ಚೀಲ. ಅದರ ಸ್ಥಾನದಲ್ಲಿ ಆದೇಶವಾಗಿ ಬಂದದ್ದು ಎರಡು ಚೀಲ, ಒಂದು ಕಂಪ್ರೆಸರ್, ಒಂದು ವಾಲ್ವ್ ಬ್ಲಾಕ್ ಮತ್ತು ನಾಲ್ಕು ಪುಟದ ಬಿಲ್ಲು. ಇಷ್ಟಾದರೂ ತಿಂಗಳಲ್ಲಿ ಮತ್ತೆ ಕೂತಿತು. "ಇದು ಗಾಡಿಯ ಕ್ಯಾರೆಕ್ಟರಿಸ್ಟಿಕ್ ಸಾರ್" ಎಂದ, ಸರ್ವಿಸ್ ಸೆಂಟರಿನ ಇಸ್ತ್ರಿ ಅಂಗಿಯ ಹುಡುಗ, ಕೈಯಲ್ಲಿದ್ದ ಟ್ಯಾಬ್‌ನಿಂದ ಕಣ್ಣು ತೆಗೆಯದೆ.

3.4 ಇಲ್ಲಿ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಸಂಧಿಗಳನ್ನು ವಿವೇಚಿಸಬೇಕಿತ್ತು. ಸಾಕು.

ಕ್ಯಾರೆಕ್ಟರಿಸ್ಟಿಕ್ ಅಂತೆ! ಕೊಟ್ಟ ಕೆಲಸ ಮಾಡದೆ ಕೂತುಬಿಡುವ ಎತ್ತಿಗೆ ನಮ್ಮ ಕಡೆ ಕಳ್ಳೆತ್ತು ಅನ್ನುತ್ತಾರೆ, ಕ್ಯಾರೆಕ್ಟರಿಸ್ಟಿಕ್ ಅನ್ನುವುದಿಲ್ಲ. ಕಾಫಿ ಕೊಟ್ಟು, ಸೋಫಾದಲ್ಲಿ ಕೂರಿಸಿ, ತಿಂಗಳ ಕೂಲಿ ಬಟವಾಡೆಗಿಂತ ದೊಡ್ಡ ಬಿಲ್ಲು ಕೈಗಿಟ್ಟು, ತಪ್ಪು ಗಾಡಿಯದ್ದಲ್ಲ, ನೀವು ಓಡಿಸುವ ರೀತಿಯದ್ದು ಎಂದು ನಯವಾಗಿ ಹೇಳಿ ಕಳಿಸುತ್ತಾರೆ. ಆ ನಯಕ್ಕೇ ನನಗೆ ಸಿಟ್ಟು.

ನಮ್ಮ ಮನೆಯ ಹಳೇ ಮಹೀಂದ್ರಾ ಜೀಪನ್ನು ಪೇಟೆಯ ಸಾಬ್ರು ನೋಡಿಕೊಳ್ಳುತ್ತಾರೆ. ಹಲಸಿನ ಮರದ ಕೆಳಗೆ ಅವರ ಗ್ಯಾರೇಜು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಾರೆ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಈ ಗಾಡಿಯನ್ನೂ ಒಮ್ಮೆ ಅವರ ಹತ್ತಿರ ಒಯ್ದೆ. ಮುಟ್ಟುವ ಮೊದಲು ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಬಾನೆಟ್ ಎತ್ತಿದರೆ ಒಳಗೆ ಕಂಡದ್ದು ಕಪ್ಪು ಪ್ಲಾಸ್ಟಿಕ್ ಹಲಗೆ. ಸ್ವಲ್ಪ ಹೊತ್ತು ನೋಡಿದರು. "ಗೌಡ್ರೇ, ಇದರಲ್ಲಿ ಕೈ ಹಾಕೋಕೆ ಜಾಗ ಎಲ್ಲಿಟ್ಟವ್ರೆ?" ಎಂದು, ಮಲಗಿದ ಮಗುವಿಗೆ ಹೊದಿಸಿದಂತೆ ಮೆಲ್ಲಗೆ ಬಾನೆಟ್ ಇಳಿಸಿದರು. ಬ್ಯಾಟರಿ ಬದಲಿಸಿದರೂ ಕಂಪ್ಯೂಟರಿಗೆ ತಿಳಿಸಬೇಕಾದ ಗಾಡಿ. ಒಬ್ಬ ಮನುಷ್ಯನ ಜೀವಮಾನದ ಕಿವಿಯನ್ನು ಅದು ಒಂದು ಗಳಿಗೆಯಲ್ಲಿ ಕಿವುಡು ಮಾಡಿತು. ಹೋದ ದುಡ್ಡಿಗಿಂತ ಅದು ನನ್ನನ್ನು ಹೆಚ್ಚು ಕಾಡುತ್ತದೆ.

7. ಉಪಸಂಹಾರ

(4, 5, 6ನೇ ಅಧ್ಯಾಯಗಳು ಬಿಡಿಭಾಗ ಬಾರದ ಕಾರಣ ವರ್ಕ್‌ಶಾಪಿನಲ್ಲೇ ಇವೆ.)

ಗಾಡಿ ಮಾರಲು ಬ್ರೋಕರನ್ನು ಕರೆಸಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಡಿ ಚಿನ್ನ ಸಾರ್. ಆದ್ರೆ ತಗೊಂಡೋನು ಯಾರ ಹತ್ರ ರಿಪೇರಿ ಮಾಡಿಸ್ತಾನೆ?" ಎಂದ. ಏಳು ಅಧ್ಯಾಯದಲ್ಲಿ ನಾನು ಹೇಳಹೊರಟಿದ್ದನ್ನು ಅವನು ಒಂದು ಪ್ರಶ್ನೆಯಲ್ಲಿ ಮುಗಿಸಿದ. ಟೊಯೊಟಾ ಲ್ಯಾಂಡ್ ಕ್ರೂಸರ್ ಹಳತಾದರೂ ಬೆಲೆ ಹಿಡಿದು ನಿಲ್ಲುತ್ತದೆ. ಆಫ್ರಿಕಾದ, ಆಸ್ಟ್ರೇಲಿಯಾದ ಮೂಲೆಮೂಲೆಯಲ್ಲೂ ಅದನ್ನು ಬಿಚ್ಚಿ ಕಟ್ಟಬಲ್ಲವರಿದ್ದಾರೆ. ಗಾಡಿಯ ಬೆಲೆ ಎಂದರೆ ದಾರಿಯುದ್ದಕ್ಕೂ ಅದನ್ನು ಬಲ್ಲ ಕೈಗಳ ಲೆಕ್ಕ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇಂಥದ್ದನ್ನು ಕೊಳ್ಳುವ ಮೊದಲು ನಿಮ್ಮೂರ ಮೆಕ್ಯಾನಿಕ್‌ಗೆ ಒಮ್ಮೆ ಬಾನೆಟ್ ಎತ್ತಿ ತೋರಿಸಿ. ಅವರು ಕೈ ಹಾಕದೆ ಮುಚ್ಚಿದರೆ, ನೀವೂ ಚೆಕ್‌ಬುಕ್ ಮುಚ್ಚಿ.