ಶ್ರಾವಣದ ಕಲೇಜಿ

ಕಮಲಾದೇವಿ ಬಲು ಶಾಣ್ಯಾ ಹೆಣ್ಣುಮಗಳು. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ. 12ನೆಯ ಶತಮಾನದಲ್ಲಿ ನಮ್ಮ ದೇಗಾಂವಕ್ಕೆ ಕಮಲನಾರಾಯಣ ಗುಡಿ ಕಟ್ಟಿಸಿ, ಕಮಲಗಳನ್ನು ಕಲ್ಲಿನಲ್ಲೇ ಕೆತ್ತಿಸಿದಳು. ಅದೂ ಎಲ್ಲಿ? ಛತ್ತಿನಲ್ಲಿ, ನೀರು ಕೆಸರು ಎರಡೂ ಮುಟ್ಟದ ಕಡೆ. ಎಂಟುನೂರು ವರ್ಷ ಕಳೆದರೂ ಒಂದು ಎಸಳು ಬಾಡಿಲ್ಲ, ನೋಡಹೋದವರ ಕಾಲಿಗೆ ಏನೂ ಕಚ್ಚಿಲ್ಲ. ನಾನು ಆ ಛತ್ತಿನ ಕೆಳಗೇ ಆಡಿ ಬೆಳೆದವನು. ಆದರೆ ಪಿಂಚಣಿ ಬರತೊಡಗಿದ ಮಾಸ್ತರನಿಗೆ ಕಲ್ಲಿನ ಕಮಲ ಸಾಲುವುದಿಲ್ಲ.

ಹಿತ್ತಲಲ್ಲಿ ಹೊಂಡ ತೋಡಿಸಿದೆ, ಕೆರೆಯಿಂದ ಗಡ್ಡೆ ತರಿಸಿದೆ. ಕೆಸರು ಅಂಟಿಕೊಂಡೇ ಇರಲಿ, ಗೊಬ್ಬರವಾಗುತ್ತದೆ ಅಂದೆ. ಕಮಲ ಚೊಲೋ ಬೆಳೆಯಿತು. ಕೆಸರಿನೊಂದಿಗೆ ಬಂದ ಜಿಗಳಿಗಳು ಅದಕ್ಕಿಂತ ಚೊಲೋ ಬೆಳೆದವು.

ಜಿಗಳಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಮೂರು ದವಡೆಗಳು ಕೊಯ್ದ ಮೂರು ಗೆರೆಯ ಗಾಯ, ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ಹಿರುಡಿನ್. ಹೊಟ್ಟೆ ತುಂಬಿ ಅದು ಉದುರಿ ಹೋದ ಮೇಲೂ ಧೋತರ ತೊಯ್ಯುತ್ತಲೇ ಇರುತ್ತದೆ. ಕಪ್ಪ ಕೊಡಲೊಲ್ಲೆ ಅಂದಳೆಂದು ಜನ ಹೇಳುವ, 1824ರಲ್ಲಿ ಕಂಪನಿ ಸರಕಾರದೆದುರು ಕತ್ತಿ ಹಿರಿದ ಚೆನ್ನಮ್ಮನ ಕಿತ್ತೂರು ಇಲ್ಲೇ ಪಕ್ಕದಲ್ಲಿದೆ. ನಾನು ಸ್ವಂತ ಹೊಂಡದಲ್ಲಿ ಮೊಣಕಾಲುದ್ದ ನಿಂತು, ಕೇಳುವ ಮೊದಲೇ ಕಪ್ಪ ಸಲ್ಲಿಸುತ್ತಿದ್ದೆ.

ಊರೆಲ್ಲ ವೈದ್ಯರಾದರು. ಉಪ್ಪು ಸುರಿಯಿರಿ ಅಂದವರಿಗೆ ಕಮಲ ಸಾಯುವುದು ಲೆಕ್ಕಕ್ಕಿಲ್ಲ. ಸುಣ್ಣ ಅಂದರು, ತಂಬಾಕಿನ ನೀರು ಅಂದರು. ಒಬ್ಬ ಮಹಾಶಯ ಬಗಲಲ್ಲಿ ಒಂದು ಬಾಟಲಿಯನ್ನೇ ತಂದ, ಕಬ್ಬಿಗೆ ಹೊಡೆದು ಉಳಿದದ್ದು. "ಒಂದ ಮುಚ್ಚಳ ಹಾಕ್ರಿ ಸರ, ಒಂದ ಹುಳಾ ಉಳಿಯಾಂಗಿಲ್ಲ." ನನಗೆ ಸಿಟ್ಟೇ ಬಂತು. ಹುಳ ಉಳಿಯುವುದಿಲ್ಲ, ಕಪ್ಪೆಮರಿ ಉಳಿಯುವುದಿಲ್ಲ, ನೀರು ಕುಡಿಯಲು ಬರುವ ಗುಬ್ಬಿಯೂ ಉಳಿಯುವುದಿಲ್ಲ. ನಮ್ಮ ಸೀಮೆಯಲ್ಲಿ ಸಾಲ ತೀರದವರ ಮನೆಯ ಮೂಲೆಯಲ್ಲೂ ಇದೇ ಬಾಟಲಿ ಇರುತ್ತದೆ. ನನ್ನ ಕೈಯಲ್ಲಿ ಕನ್ನಡ ಅಕ್ಷರ ತಿದ್ದಿದ ಒಬ್ಬ ಹುಡುಗನ ಮನೆಯಲ್ಲೂ ಇತ್ತು. ಬಾಟಲಿ ಒಯ್ಯಪಾ ಅಂದೆ. ಒಯ್ದ.

ಆಮೇಲೆ ಬೋನಿನ ಉಪಾಯ ಕೇಳಿಬಂತು. ತಗಡಿನ ಡಬ್ಬಿಗೆ ಹೊರಗಿನಿಂದ ಮೊಳೆ ಹೊಡೆದು ತೂತು ಮಾಡಬೇಕು. ಅಂಚುಗಳು ಒಳಮುಖವಾಗಿರುವುದರಿಂದ ಒಳಹೊಕ್ಕ ಜಿಗಳಿ ಹೊರಬರಲಾರದು. ಒಳಗೆ ಹಸಿ ಮಾಂಸ ಇಟ್ಟು ರಾತ್ರಿ ನೀರಿನಲ್ಲಿ ಮುಳುಗಿಸಬೇಕು. ಕಲೇಜಿಯಾದರೆ ಉತ್ತಮ. ಡಬ್ಬಿ ಮನೆಯಲ್ಲಿತ್ತು, ಮೊಳೆ ಇತ್ತು. ಕಲೇಜಿ ಇರಲಿಲ್ಲ. ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಇರಲಿಲ್ಲ.

ಉತ್ಸಾಹಕ್ಕೆ ಪಂಚಾಂಗ ಕಾಣಿಸುವುದಿಲ್ಲ. ಕಿತ್ತೂರಿನ ಮಟನ್ ಅಂಗಡಿಯ ಮುಂದೆ ನಿಂತಾಗ ನೆನಪಾಯಿತು: ಅಂದು ಶ್ರಾವಣ ಸೋಮವಾರ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಅಂಗಡಿಯಲ್ಲಿ ಗಿರಾಕಿ ಎಂದರೆ ನಾನೊಬ್ಬನೇ.

"ದಾರಿ ತಪ್ಪಿ ಬಂದ್ರೇನ್ರಿ ಸರ?" ಅಂದ ಅಂಗಡಿಯವ ಎದ್ದು ನಿಂತು.

"ಪಾವ ಕಿಲೋ ಕಲೇಜಿ ಕೊಡಪಾ."

ಅವನ ಕೈಯ ಕತ್ತಿ ನಿಂತಿತು. "ಮನಿಗೇನ್ರಿ?"

"ಮನಿಗಲ್ಲೋ. ಹಿತ್ತಲದಾಗ ಜಿಗಳಿ ಅದಾವ, ಅವಕ್ಕ."

ಬಹಳ ಹೊತ್ತು ನನ್ನನ್ನು ನೋಡಿದ. ಹಿರಿಯರು, ಮಾಸ್ತರು, ತಿನ್ನಬೇಕೆನಿಸಿದೆ, ಪಾಪ ನೆವ ಹುಡುಕುತ್ತಿದ್ದಾರೆ ಎಂಬ ಕನಿಕರ ಆ ಕಣ್ಣಿನಲ್ಲಿತ್ತು. ಕರೀ ಕ್ಯಾರಿಬ್ಯಾಗು ಬೇಕೇ ಎಂದು ತಾನೇ ಕೇಳಿದ; ಹುಡುಕಿದರೆ ಬ್ಯಾಗು ತೀರಿತ್ತು. ಪೇಪರಿನಲ್ಲಿ ಸುತ್ತುತ್ತ, ದನಿ ತಗ್ಗಿಸಿ, "ಉಳ್ಳಾಗಡ್ಡಿ ಜಾಸ್ತಿ ಹಾಕಿ ಹುರೀರಿ ಸರ... ಜಿಗಳಿಗೆ" ಅಂದ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ನಮ್ಮೂರ ಪುರಾಣ ಸಮಿತಿಯ ಹಿರಿಯರು. ಮಠದಲ್ಲಿ ತಿಂಗಳ ಪುರಾಣ ನಡೆದಿತ್ತು. ನನ್ನ ತೊಡೆಯ ಮೇಲಿನ ಪುಡಿಕೆ ನೋಡಿ ಕೈ ಮುಗಿದು, "ಪ್ರಸಾದ ಏನ್ರಿ?" ಅಂದರು. ಇಲ್ಲ ಅನ್ನಲು ಬಾಯಿ ತೆರೆದೆ. ಮತ್ತೇನು ಅನ್ನುವುದು ತೋಚದೆ ಮುಚ್ಚಿದೆ. ಅವರು ಬಲಗೈ ಚಾಚಿದರು. ಪುಡಿಕೆಯ ಮೂಲೆ ಆಗಲೇ ಕೆಂಪಗೆ ತೊಯ್ದಿತ್ತು. "ಕುಂಕುಮ ಒಡದೈತ್ರಿ" ಅಂದೆ. ಅವರು ಭಕ್ತಿಯಿಂದ ಬೆರಳು ಚಾಚಿ ಆ ಮೂಲೆ ಮುಟ್ಟಿ, ಬೆರಳನ್ನು ಹುಬ್ಬಿನ ನಡುವೆ ಒತ್ತಿಕೊಂಡರು. ಊರು ಬರುವವರೆಗೆ ನಾನು ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ಅಷ್ಟು ಆಸಕ್ತಿಯಿಂದ ಹಿಂದೆಂದೂ ನೋಡಿರಲಿಲ್ಲ. ಇಳಿದು ಅವರು ಆ ತಿಲಕ ಹೊತ್ತು ನೆಟ್ಟಗೆ ಮಠಕ್ಕೇ ನಡೆದರು.

ಬೋನು ಗೆದ್ದಿತು. ಬೆಳಗ್ಗೆ ಡಬ್ಬಿ ಎತ್ತಿದರೆ ಒಳಗೆ ಕಿಕ್ಕಿರಿದ ಸಂತೆ. ಎಲ್ಲವನ್ನೂ ಗಾಜಿನ ಬರಣಿಗೆ ಹಾಕಿ ಕಿಟಕಿಯಲ್ಲಿಟ್ಟು ಶಾಸ್ತ್ರಾಧ್ಯಯನಕ್ಕೆ ಕೂತೆ. ಸುಶ್ರುತ ಸಂಹಿತೆಯ ಪ್ರಕಾರ ಜಿಗಳಿಯಲ್ಲಿ 12 ಬಗೆ, 6 ವಿಷದವು, 6 ವಿಷವಿಲ್ಲದವು. ನನ್ನ ಬರಣಿಯವು ಯಾವ ಪಕ್ಷವೆಂದು ಹೇಳಲಿಲ್ಲ. ಇಂಗ್ಲೆಂಡಿನ ಜಾರ್ಜ್ ಮೆರಿವೆದರ್ ಎಂಬ ಡಾಕ್ಟರ ಕೂಡ 12 ಜಿಗಳಿಗಳನ್ನೇ 12 ಬಾಟಲಿಗಳಲ್ಲಿಟ್ಟಿದ್ದನಂತೆ. ಬಿರುಗಾಳಿ ಬರುವ ಮುನ್ನ ಅವು ಮೇಲೇರಿ ಗಂಟೆ ಬಾರಿಸುವ ಯಂತ್ರ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದ. ನಾನೂ ಗಂಟೆ ಕಟ್ಟುವವನಿದ್ದೆ. ಆದರೆ ಶ್ರಾವಣದಲ್ಲಿ ದೇಗಾಂವಕ್ಕೆ ಮಳೆ ಬರುತ್ತದೆ ಎಂದು ಹೇಳಲು ಜಿಗಳಿಯ ನೌಕರಿ ಯಾಕೆ?

ಮಂಡಿನೋವಿಗೆ ಜಿಗಳಿ ಹಚ್ಚುವ ಚಿಕಿತ್ಸೆ ಜರ್ಮನಿಯಲ್ಲೂ ನಡೆಯುತ್ತದೆ, ಕೆಟ್ಟ ರಕ್ತ ಹೀರುತ್ತದೆಂದು ನಮ್ಮ ಆಯುರ್ವೇದವೂ ಒಪ್ಪುತ್ತದೆ ಎಂದು ಓದಿ, ಬರಣಿ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತೆ. ಮಂಡಿ ತಿಕ್ಕಿಕೊಳ್ಳುತ್ತಿದ್ದ ನನ್ನಾಕೆ ಬರಣಿಯನ್ನೂ ನನ್ನನ್ನೂ ನೋಡಿದಳು.

"ಮೊದಲ ನಿಮ್ಮ ತಲೀಗೆ ಹಚ್ಕೋರಿ," ಅಂದಳು. "ಕೆಟ್ಟ ರಕ್ತ ಎಲ್ಲಾ ಅಲ್ಲೇ ಐತಿ."