ಹಾಲ್‌ನಿಂದ ರೂಮಿಗೆ

"ಏನ್ರೀ, ಮಗಳ ಮದುವೆ ವಿಡಿಯೋ ಬಂತಾ?"

"ಹಾಲ್‌ನಲ್ಲಿರೋ ಲ್ಯಾಪ್‌ಟಾಪಿಂದ ವೈಫೈನಲ್ಲಿ ಹೊರಟಿದೆ ಕಣೇ. ರೂಮಿಗೆ ಬರೋಕೆ ಇನ್ನೂ 3 ಗಂಟೆಯಂತೆ."

"ಅಷ್ಟರಲ್ಲಿ ಮೈಸೂರಿಂದ ಬೆಂಗಳೂರಿಗೆ ರೈಲೇ ಬರತ್ತೆ!"

"ನಿನ್ನೆ ಆ ಲ್ಯಾಪ್‌ಟಾಪೇ ಕಾಣ್ತಿರಲಿಲ್ಲ. ಗೆಸ್ಟ್ ವೈಫೈಗೆ ಸೇರ್ಕೊಂಡಿತ್ತು. ಅತಿಥಿಗೆ ಮನೆಯವರು ಕಾಣಬಾರದಂತೆ."

"ಹತ್ತು ವರ್ಷ ಇಲ್ಲೇ ಬಿದ್ದಿರೋದು ಅತಿಥಿನಾ?"

"ಅದನ್ನ ಸರಿಮಾಡಿದ್ರೆ ಪಾಸ್‌ವರ್ಡ್ ಕೇಳ್ತು. ಇಟ್ಟೇ ಇಲ್ಲ, ಕೊಡೋದೇನು? ಖಾಲಿ ಒತ್ತಿದ್ರೆ ಒಳಗೆ ಬಿಡಲಿಲ್ಲ. ಒಂದು ಇಟ್ಟ ಮೇಲೇ ಬಿಟ್ಟಿದ್ದು."

"ಬೀಗ ಇಲ್ಲದ ಮನೆಗೆ ಬೀಗದಕೈ ಕೇಳೋ ಜಾತಿ!"

(ಅಡುಗೆಮನೆಯಲ್ಲಿ ಮೈಕ್ರೋವೇವ್ ಗುಂಯ್‌ಗುಟ್ಟಿತು. ಅದೂ ಈ ವೈಫೈಯೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯ ಜಗಳಗಂಟರು. ವಿಡಿಯೋ ಶೇ. 61ಕ್ಕೆ ನಿಂತಿತು.)

"ಏನಾಯ್ತು?"

"ನಿನ್ನ ಉಪ್ಪಿಟ್ಟು ಬಿಸಿಯಾಯ್ತು."

ಆಕೆ ಮಾತಾಡಲಿಲ್ಲ. ಹಾಲ್‌ಗೆ ಹೋದಳು, ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಬಂದು ಹಾಸಿಗೆ ಮೇಲಿಟ್ಟಳು.

"ತಗೊಳ್ಳಿ, ಬಂತು. ಹನ್ನೆರಡೇ ಹೆಜ್ಜೆ."